ಯಂತ್ರಶಾಲೆಯ ಕಾಯಕಕ್ಕೆ ಅಳತೆಯೇ ಬಂಡವಾಳ

ಕಾಯಕದ ಹಿರಿಮೆಯನ್ನು ಕುರಿತು ನಮ್ಮ ಸಮಾಜದಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಬಸವ ಜಯಂತಿಯಂದು, ಮಠದ ಜಾತ್ರೆಯಲ್ಲಿ, ಶ್ರಾವಣದ ಪ್ರವಚನದಲ್ಲಿ ಆ ಮಾತನ್ನು ಕೇಳಿ ನಾವೆಲ್ಲರೂ ತಲೆದೂಗುತ್ತೇವೆ. ಆದರೆ ಒಂದು ಕಾಯಕವನ್ನು ಕೈಗೊಂಡ ತರುಣನು ಬೆಳಗಿನಿಂದ ಸಂಜೆಯವರೆಗೆ ಯಾವುದನ್ನು ಗಮನಿಸಬೇಕು, ಎಲ್ಲಿ ಎಚ್ಚರವಾಗಿರಬೇಕು ಎಂಬುದನ್ನು ತಿಳಿಸಿ ಹೇಳುವವರು ವಿರಳ. ನನಗೆ ಗೊತ್ತಿರುವುದು ಒಂದೇ ಕಾಯಕ. ಲೇಥ್ ಯಂತ್ರದ ಮೇಲೆ ಕಬ್ಬಿಣವನ್ನು ತಿರುಗಿಸಿ, ಕೆತ್ತಿ, ಬೇಕಾದ ಅಳತೆಗೆ ತರುವುದು. ಆ ಕಾಯಕದ ಬಗೆಗೆ ನಾಲ್ಕು ಮಾತುಗಳನ್ನು ಈ ಪತ್ರಿಕೆಯ ಓದುಗ ಬಂಧುಗಳ ಮುಂದಿಡಬೇಕೆಂದು ಈ ಲೇಖನ.

ಹೀಗೆ ಬರೆಯಲು ಕಾರಣವೂ ಇದೆ. ಘೋಡಗೇರಿಯ ಸುತ್ತಲಿನ ಊರುಗಳಿಂದ ಅನೇಕ ತಂದೆತಾಯಿಗಳು ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬರುತ್ತಾರೆ. ಹುಡುಗ ಐ.ಟಿ.ಐ. ಮುಗಿಸಿರುತ್ತಾನೆ, ಇಲ್ಲವೆ ಡಿಪ್ಲೊಮಾ ಮಾಡಿರುತ್ತಾನೆ. ದೂರದ ಊರಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ ಬೇಡವೆನಿಸಿರುತ್ತದೆ. "ಎರಡು ಎಕರೆ ಕಬ್ಬಿನ ಹೊಲ ಮಾರಿ ಮಶೀನ್ ಹಾಕಿ ಕೊಡೋಣೇನ್ರಿ?" ಎಂಬುದು ಅವರ ಪ್ರಶ್ನೆ. ಹೊಲವನ್ನು ಒಮ್ಮೆ ಮಾರಿದರೆ ಅದು ಮರಳಿ ಬರುವುದು ಕಷ್ಟ. ಆದುದರಿಂದ ನಾನು ಸುಲಭವಾಗಿ ಹೌದೆಂದೂ ಅನ್ನುವುದಿಲ್ಲ, ಬೇಡವೆಂದೂ ಅನ್ನುವುದಿಲ್ಲ. "ಮೊದಲು ಮೂರು ವರ್ಷ ಇನ್ನೊಬ್ಬರ ಯಂತ್ರಶಾಲೆಯಲ್ಲಿ ದುಡಿಯಲಿ, ಅಳತೆ ಕಲಿಯಲಿ" ಎನ್ನುತ್ತೇನೆ. ಅಳತೆ ಎಂದರೆ ಮೈಕ್ರೋಮೀಟರ್ ಓದುವುದಷ್ಟೇ ಎಂದು ಕೆಲವರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅಳತೆಗಳು ನಾಲ್ಕು: ವಸ್ತುವಿನ ಅಳತೆ, ಮಾತಿನ ಅಳತೆ, ಹಣದ ಅಳತೆ, ದೇಹದ ಅಳತೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಸಣ್ಣ ಯಂತ್ರಶಾಲೆ ಉಳಿಯುವುದಿಲ್ಲ.

ನಾನು ಕೊಲ್ಲಾಪುರದ ಉದ್ಯಮನಗರದಲ್ಲಿ ಆರು ವರ್ಷ ಕೆಲಸ ಕಲಿತು 1988ರಲ್ಲಿ ಊರಿಗೆ ಮರಳಿ ಒಂದು ಹಳೆಯ ಲೇಥ್ ಯಂತ್ರದೊಂದಿಗೆ ಕಾಯಕವನ್ನು ಆರಂಭಿಸಿದವನು. ಈಗ ಎರಡು ಲೇಥ್, ಒಂದು ಶೇಪಿಂಗ್ ಯಂತ್ರ, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ವೆಲ್ಡಿಂಗ್ ಸೆಟ್ ಇವೆ. ಕಬ್ಬಿನ ಗಾಣದ ಬುಶ್, ನೀರೆತ್ತುವ ಪಂಪಿನ ಶಾಫ್ಟ್, ಟ್ರ್ಯಾಕ್ಟರ್ ಟ್ರೇಲರಿನ ಪಿನ್, ಹಿಟ್ಟಿನ ಗಿರಣಿಯ ಬಿಡಿಭಾಗ, ಇವೇ ನಮ್ಮ ಮುಖ್ಯ ಕೆಲಸಗಳು. ಹುಕ್ಕೇರಿ, ಗೋಕಾಕ ಮತ್ತು ಈಗ ಬೇರೆ ತಾಲೂಕಾಗಿರುವ ಮೂಡಲಗಿಯ ರೈತರೇ ನಮ್ಮ ಗಿರಾಕಿಗಳು.

ನಮ್ಮ ನೆಲದ ಯಂತ್ರಪರಂಪರೆ

ಯಂತ್ರದ ಕೆಲಸ ನಮ್ಮ ಸೀಮೆಗೆ ಹೊಸದಲ್ಲ ಎಂಬುದನ್ನು ತರುಣರು ಮೊದಲು ತಿಳಿಯಬೇಕು. ಗೋಕಾಕ ಜಲಪಾತದ ನೀರಿನ ಬಲದಿಂದ 1887ರಷ್ಟು ಹಿಂದೆಯೇ ಅಲ್ಲಿಯ ನೂಲಿನ ಗಿರಣಿ ತಿರುಗತೊಡಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ಆ ಅಂಗಡಿಯೇ ಮುಂದೆ ಬೆಳೆದು ಯಂತ್ರೋದ್ಯಮವಾಯಿತು. 1903ರಲ್ಲಿ ಅವರು ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣ ತಗಲಿದರೆ ಭೂಮಿ ವಿಷವಾಗುವುದೆಂದು ರೈತರು ಹೆದರಿದ್ದರಿಂದ ಆ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಬೆಳಗಾವಿಯಲ್ಲಿ ಸ್ಥಳ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರ ನೆರವಿನಿಂದ 1910ರಲ್ಲಿ ಕುಂಡಲ್ ರೋಡ್ ಎಂಬಲ್ಲಿ ಕಾರ್ಖಾನೆಯನ್ನು ಕಟ್ಟಿದರು. ಅದೇ ಇಂದಿನ ಕಿರ್ಲೋಸ್ಕರವಾಡಿ. ಅದೇ ಮನೆತನದವರು 1941ರಲ್ಲಿ ಹರಿಹರದಲ್ಲಿ ಸ್ಥಾಪಿಸಿದ ಮೈಸೂರು ಕಿರ್ಲೋಸ್ಕರ್ ಕಂಪನಿಯು ಲೇಥ್ ಯಂತ್ರಗಳಿಗೆ ಹೆಸರಾಯಿತು. ಆ ಕಂಪನಿ ಈಗ ಇಲ್ಲದಿದ್ದರೂ ಅಲ್ಲಿ ತಯಾರಾದ ಯಂತ್ರಗಳು ಅನೇಕ ಸಣ್ಣ ಯಂತ್ರಶಾಲೆಗಳಲ್ಲಿ ಇನ್ನೂ ದುಡಿಯುತ್ತಿವೆ.

ಈ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ. ನೇಗಿಲು ಗಟ್ಟಿಯಾಗಿದ್ದರೆ ಸಾಲದು, ರೈತನಿಗೆ ಅದರಲ್ಲಿ ನಂಬಿಕೆ ಹುಟ್ಟಬೇಕು. ಆ ನಂಬಿಕೆ ಹುಟ್ಟಲು ಕಾಲ ಬೇಕು. ಹೊಸದಾಗಿ ಯಂತ್ರಶಾಲೆ ತೆರೆದವನು ಮೊದಲ ಎರಡು ವರ್ಷ ಗಿರಾಕಿಗಳಿಗಾಗಿ ಕಾಯಬೇಕಾಗುತ್ತದೆ ಎಂದು ತಿಳಿದೇ ಕೈಯಲ್ಲಿ ಹಣವಿಟ್ಟುಕೊಂಡು ಆರಂಭಿಸಬೇಕು.

ಯಂತ್ರವನ್ನು ಕೊಳ್ಳುವಾಗ

ಆರಂಭದಲ್ಲಿ ಎಲ್ಲ ಯಂತ್ರಗಳನ್ನೂ ಕೊಳ್ಳುವ ಹಂಬಲ ಬೇಡ. ಒಂದು ಒಳ್ಳೆಯ ಲೇಥ್, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ಗ್ರೈಂಡರ್, ಒಂದು ವೆಲ್ಡಿಂಗ್ ಸೆಟ್ ಇದ್ದರೆ ಹಳ್ಳಿಯ ಕೆಲಸದ ಬಹುಭಾಗ ಸಾಗುತ್ತದೆ. ಗೇರು ಕತ್ತರಿಸುವ ಕೆಲಸ, ಮಿಲ್ಲಿಂಗ್ ಕೆಲಸ ಬಂದರೆ ಬೆಳಗಾವಿಯ ಉದ್ಯಮಬಾಗಕ್ಕೋ ಕೊಲ್ಲಾಪುರಕ್ಕೋ ಕಳಿಸಿ ಮಾಡಿಸಬಹುದು. ವರ್ಷಕ್ಕೆ ನಾಲ್ಕು ಸಲ ಬರುವ ಕೆಲಸಕ್ಕಾಗಿ ಸಾಲದ ಯಂತ್ರವನ್ನು ತಂದು ನಿಲ್ಲಿಸಿದರೆ ಬಡ್ಡಿಯು ದಿನವೂ ಬರುತ್ತದೆ, ಕೆಲಸ ಬರುವುದಿಲ್ಲ.

ಹಳೆಯ ಯಂತ್ರವನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹೊಸ ಬಣ್ಣಕ್ಕೆ ಮಾತ್ರ ಮರುಳಾಗಬಾರದು. ಲೇಥಿನ ಬೆಡ್ ಸಾಮಾನ್ಯವಾಗಿ ಚಕ್ಕಿನ ಹತ್ತಿರವೇ ಹೆಚ್ಚು ಸವೆದಿರುತ್ತದೆ, ಏಕೆಂದರೆ ಹೆಚ್ಚಿನ ಕೆಲಸ ನಡೆಯುವುದು ಅಲ್ಲಿಯೇ. ಕ್ಯಾರೇಜನ್ನು ಚಕ್ಕಿನ ಬಳಿಗೆ ತಂದು, ಅಲ್ಲಾಡದಂತೆ ಬಿಗಿಮಾಡಿ, ಬಳಿಕ ಟೇಲ್‌ಸ್ಟಾಕಿನ ಕಡೆಗೆ ನಡೆಸಿ ನೋಡಬೇಕು. ಮುಂದೆ ಹೋದಂತೆ ಅದು ಬಿಗಿಯಾಗಿ ನಿಂತುಬಿಟ್ಟರೆ ಬೆಡ್ ಸವೆದಿದೆಯೆಂದು ತಿಳಿಯಬೇಕು. ಎರಡನೆಯ ಪರೀಕ್ಷೆ: ನಲವತ್ತು ಮಿಲಿಮೀಟರ್ ವ್ಯಾಸದ ಸರಳನ್ನು ಚಕ್ಕಿನಲ್ಲಿ ಹಿಡಿದು ನೂರೈವತ್ತು ಮಿಲಿಮೀಟರಿನಷ್ಟು ಹೊರಗೆ ಬಿಟ್ಟು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ ತೆಳುವಾಗಿ ಕೆತ್ತಿ, ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ವ್ಯತ್ಯಾಸವು 0.02 ಮಿಲಿಮೀಟರಿಗಿಂತ ಬಹಳ ಹೆಚ್ಚಾದರೆ ಅದನ್ನು ಸರಿಪಡಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆಯಬೇಕು. ಇಷ್ಟು ಪರೀಕ್ಷೆಗೆ ಅವಕಾಶ ಕೊಡದ ಮಾರಾಟಗಾರನಿಂದ ಯಂತ್ರವನ್ನು ಕೊಳ್ಳದಿರುವುದೇ ಲೇಸು.

ವಿದ್ಯುತ್ತಿನ ವಿಷಯದಲ್ಲಿ ನಮ್ಮ ತಾಲೂಕು ಪುಣ್ಯ ಮಾಡಿದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ ಸ್ಥಾಪನೆಯಾಯಿತು. ರೈತರೂ ಗ್ರಾಹಕರೂ ತಾವೇ ಸದಸ್ಯರಾಗಿ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚುವ ಇಂತಹ ವ್ಯವಸ್ಥೆ ನಾಡಿನಲ್ಲಿ ಅಪರೂಪ. ಆದರೂ ಗಾಳಿಮಳೆಗೆ ಮೂರು ಫೇಸುಗಳಲ್ಲಿ ಒಂದು ಹೋಗುವುದು ಎಲ್ಲೆಡೆಯೂ ಇದ್ದದ್ದೇ. ಉಳಿದ ಎರಡು ಫೇಸುಗಳಲ್ಲಿಯೇ ಮೋಟರ್ ನಡೆದರೆ ಅದರ ಸುರುಳಿ ಸ್ವಲ್ಪ ಹೊತ್ತಿನಲ್ಲಿಯೇ ಸುಟ್ಟುಹೋಗುತ್ತದೆ. ಇದನ್ನು ತಡೆಯುವ ಸಿಂಗಲ್ ಫೇಸ್ ಪ್ರಿವೆಂಟರ್ ಎಂಬ ಸಾಧನದ ಬೆಲೆಯು ಮೋಟರನ್ನು ಒಮ್ಮೆ ಸುತ್ತಿಸುವ ಖರ್ಚಿಗಿಂತ ಕಡಿಮೆ. ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಮಾಡಿಸುವುದನ್ನಂತೂ ಎಂದಿಗೂ ಮುಂದೂಡಬಾರದು.

ವಸ್ತುವಿನ ಅಳತೆ

ನಮ್ಮ ಕಡೆಯ ಹಿರಿಯ ಕುಶಲಕರ್ಮಿಗಳು ಇನ್ನೂ ಸೂತಿನ ಲೆಕ್ಕದಲ್ಲಿ ಮಾತನಾಡುತ್ತಾರೆ. ಒಂದು ಇಂಚಿಗೆ ಎಂಟು ಸೂತು. ಒಂದು ಸೂತೆಂದರೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಬಾಗಿಲು ಚೌಕಟ್ಟಿಗೆ, ಗಾಡಿಯ ಪಟ್ಟಿಗೆ ಆ ಲೆಕ್ಕ ಸಾಕು. ಆದರೆ ಬೇರಿಂಗ್ ಕೂಡುವ ಜಾಗಕ್ಕೆ ಸೂತಿನ ಮಾತು ನಡೆಯದು. ಪಂಪುಗಳಲ್ಲಿ ಸಾಮಾನ್ಯವಾಗಿ ಕಾಣುವ 6205 ಎಂಬ ಬೇರಿಂಗಿನ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52 ಮಿಲಿಮೀಟರ್. ಅದು ಗಟ್ಟಿಯಾಗಿ ಕೂಡಬೇಕಾದರೆ ಶಾಫ್ಟ್ 25 ಮಿಲಿಮೀಟರಿಗಿಂತ 0.002ರಿಂದ 0.015 ಮಿಲಿಮೀಟರಿನಷ್ಟು ದಪ್ಪಗಿರಬೇಕು. ಅದಕ್ಕಿಂತ ತೆಳುವಾದರೆ ಬೇರಿಂಗ್ ಶಾಫ್ಟಿನ ಮೇಲೆಯೇ ಜಾರಿ ತಿರುಗುತ್ತದೆ. ಬಹಳ ದಪ್ಪವಾದರೆ ಬೇರಿಂಗಿನೊಳಗಿನ ಗುಂಡುಗಳು ಬಿಗಿಯಾಗಿ ಬಿಸಿಯೇರುತ್ತವೆ. ಎರಡರಲ್ಲಿಯೂ ರೈತನ ಪಂಪು ನಿಲ್ಲುತ್ತದೆ, ಬೆಳೆ ಒಣಗುತ್ತದೆ. ಒಂದು ಕೂದಲಿನ ದಪ್ಪವನ್ನು ಹಲವು ಭಾಗ ಮಾಡಿದರೆ ಬರುವಷ್ಟು ಈ ಅಂತರವು ಒಬ್ಬ ಒಕ್ಕಲಿಗನ ವರ್ಷದ ದುಡಿಮೆಯನ್ನು ಕಾಯುತ್ತದೆ ಎಂಬುದು ಚಿಂತಿಸಬೇಕಾದ ಸಂಗತಿ.

ಇನ್ನೊಂದು ಸೂಕ್ಷ್ಮವನ್ನು ಕೆಲಸ ಕಲಿಸಿದ ಮೇಸ್ತ್ರಿಗಳು ನನಗೆ ಮೊದಲ ತಿಂಗಳಲ್ಲಿಯೇ ಹೇಳಿಕೊಟ್ಟಿದ್ದರು: ಬಿಸಿಯಾದ ಕಬ್ಬಿಣವನ್ನು ಅಳೆಯಬೇಡ. ಕೆತ್ತುವಾಗ ಉಕ್ಕು ಕಾಯುತ್ತದೆ, ಕಾದದ್ದು ಹಿಗ್ಗುತ್ತದೆ. 100 ಮಿಲಿಮೀಟರ್ ವ್ಯಾಸದ ಉಕ್ಕು ನಲವತ್ತು ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 0.05 ಮಿಲಿಮೀಟರ್ ಹಿಗ್ಗಿರುತ್ತದೆ. ಬಿಸಿಯಲ್ಲಿ ಸರಿಯೆಂದು ಕಂಡ ಅಳತೆಯು ಬೆಳಗಾಗುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ಕೊನೆಯ ತೆಳುವಾದ ಕೆತ್ತನೆಗೆ ಮೊದಲು ವಸ್ತುವನ್ನು ಆರಲು ಬಿಟ್ಟು ಒಂದು ಲೋಟ ಚಹಾ ಕುಡಿದು ಬರುವುದು ಸೋಮಾರಿತನವಲ್ಲ, ಅದು ಕೆಲಸದ ಭಾಗವೇ ಆಗಿದೆ.

ಗಾಣದ ಬುಶ್ಶಿನ ವಿಷಯವೂ ಹೀಗೆಯೇ. ಶಾಫ್ಟಿಗೂ ಬುಶ್ಶಿಗೂ ನಡುವೆ ಎಣ್ಣೆ ನಿಲ್ಲಲು ಸ್ವಲ್ಪ ಸಡಿಲು ಬೇಕು. ವ್ಯಾಸದ ಸಾವಿರದಲ್ಲೊಂದು ಭಾಗವೆಂಬುದು ಹಳೆಯ ರೂಢಿ. 60 ಮಿಲಿಮೀಟರ್ ಶಾಫ್ಟಿಗೆ 0.06 ಮಿಲಿಮೀಟರ್. ಕಬ್ಬಿನ ಹಾಲು, ದೂಳು ಬೀಳುವ ಗಾಣಕ್ಕೆ ಅದಕ್ಕಿಂತ ತುಸು ಹೆಚ್ಚು ಕೊಡಬೇಕಾಗುತ್ತದೆ. ಬುಶ್ಶನ್ನು ಅದರ ಮನೆಯಲ್ಲಿ ಒತ್ತಿ ಕೂರಿಸಿದಾಗ ಒಳವ್ಯಾಸ ಕುಗ್ಗುತ್ತದೆ ಎಂಬುದನ್ನು ಮರೆತು ಮೊದಲೇ ಪೂರ್ಣ ಅಳತೆಗೆ ಕೆತ್ತಿದರೆ ಶಾಫ್ಟ್ ಒಳಗೆ ಹೋಗುವುದಿಲ್ಲ. ಆದುದರಿಂದ ಗಿರಾಕಿ ಸವೆದ ಬುಶ್ಶನ್ನು ಮಾತ್ರ ತಂದರೆ ಅದನ್ನಷ್ಟೇ ನೋಡಿ ಕೆಲಸ ಹಿಡಿಯಬಾರದು. ಅದು ಕೂಡುವ ಶಾಫ್ಟನ್ನೂ, ಸಾಧ್ಯವಾದರೆ ಅದರ ಮನೆಯನ್ನೂ ತರಲು ಹೇಳಬೇಕು. ಸವೆದ ವಸ್ತುವು ತನ್ನ ಮೂಲ ಅಳತೆಯನ್ನು ತಾನೇ ಹೇಳಲಾರದು.

ವೇಗಕ್ಕೂ ಒಂದು ಲೆಕ್ಕವಿದೆ. ಸಾಮಾನ್ಯ ಮೆದು ಉಕ್ಕನ್ನು ಎಚ್.ಎಸ್.ಎಸ್. ಉಳಿಯಿಂದ ನಿಮಿಷಕ್ಕೆ ಸುಮಾರು 30 ಮೀಟರ್ ವೇಗದಲ್ಲಿ ಕೆತ್ತಬಹುದು. ಆ ವೇಗವನ್ನು ಸಾವಿರದಿಂದ ಗುಣಿಸಿ, ವಸ್ತುವಿನ ಸುತ್ತಳತೆಯ ಮಿಲಿಮೀಟರಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ತಿಳಿಯುತ್ತದೆ. 50 ಮಿಲಿಮೀಟರ್ ವ್ಯಾಸದ ಸರಳಿಗೆ ಅದು ಸುಮಾರು 190 ಸುತ್ತು. ಈ ಲೆಕ್ಕವನ್ನು ಒಂದು ಹಲಗೆಯ ಮೇಲೆ ಬರೆದು ಯಂತ್ರದ ಎದುರಿಗೆ ತೂಗುಹಾಕಿದರೆ ಉಳಿಗಳು ಸುಮ್ಮನೆ ಸುಡುವುದು ತಪ್ಪುತ್ತದೆ.

ಮಾತಿನ ಅಳತೆ

ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಬಾಗಿಲಿಗೆ ರಾತ್ರಿಯೂ ಜನ ಬರುತ್ತಾರೆ. "ಅಣ್ಣಾರ, ಗಾಣಾ ನಿಂತೈತ್ರಿ, ಕಡದ ಕಬ್ಬು ಒಣಗಾಕತ್ತೈತ್ರಿ, ಬೆಳಗಾದ್ರೊಳಗ ಬುಶ್ ಆಗಬೇಕ್ರಿ" ಎಂದು ಅಂಗಲಾಚುತ್ತಾರೆ. ಅವರ ಸಂಕಟ ನಿಜವಾದುದೇ. ಕಡಿದ ಕಬ್ಬು ದಿನದಿನಕ್ಕೆ ಸಿಹಿಯನ್ನೂ ತೂಕವನ್ನೂ ಕಳೆದುಕೊಳ್ಳುತ್ತದೆ. ಇಂತಹ ಸಮಯದಲ್ಲಿ ಎಲ್ಲರಿಗೂ "ನಾಳೆ ಕೊಡುತ್ತೇನೆ" ಎನ್ನುವುದು ಬಹಳ ಸುಲಭ. ಹೀಗೆ ಹತ್ತು ಜನರಿಗೆ ಮಾತು ಕೊಟ್ಟು ಮೂವರಿಗೆ ಮಾತ್ರ ಕೊಟ್ಟರೆ ಉಳಿದ ಏಳು ಜನ ಕೆಲಸವನ್ನೂ ನಂಬುವುದಿಲ್ಲ, ಮನುಷ್ಯನನ್ನೂ ನಂಬುವುದಿಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದನ್ನು ಸಾಮಾನ್ಯವಾಗಿ ಆಸೆಯ ಮೇಲಿನ ಪಾಠವೆಂದು ಹೇಳುತ್ತಾರೆ. ಕೆಲಸಗಾರನಾದ ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ನಮ್ಮ ಕೈಗೆ ಎಷ್ಟು ಸಾಧ್ಯವೋ ಅಷ್ಟು ಕೆಲಸವನ್ನು ಮಾತ್ರ ಹಿಡಿಯಬೇಕು. ಉಳಿದುದನ್ನು ನೆರೆಯ ಯಂತ್ರಶಾಲೆಯವನಿಗೆ ಬಿಡಬೇಕು. ನಮ್ಮ ಯಂತ್ರಶಾಲೆಯ ಗೋಡೆಗೆ ಒಂದು ಕಪ್ಪು ಹಲಗೆ ಇದೆ. ಬಂದ ಕೆಲಸ, ಬಂದ ದಿನ, ಕೊಡುವ ದಿನ ಇವುಗಳನ್ನು ಎಲ್ಲರಿಗೂ ಕಾಣುವಂತೆ ಅದರ ಮೇಲೆ ಬರೆಯುತ್ತೇವೆ. ಹೊಸ ಗಿರಾಕಿ ಅದನ್ನು ನೋಡಿಯೇ ತನ್ನ ಸರದಿಯನ್ನು ತಿಳಿಯುತ್ತಾನೆ. ನಿಂತ ಗಾಣ, ನಿಂತ ಪಂಪು ಇವುಗಳಿಗೆ ದಿನಕ್ಕೆ ಎರಡು ಗಂಟೆಯನ್ನು ಯಾವಾಗಲೂ ಖಾಲಿ ಇಡುತ್ತೇವೆ. ಸಾಧ್ಯವಿಲ್ಲದ ಕೆಲಸ ಬಂದರೆ ಅಂದೇ ಹೇಳಿ, ಬೇರೆ ಯಂತ್ರಶಾಲೆಯ ದಾರಿ ತೋರಿಸುತ್ತೇವೆ. ಹಾಗೆ ಕಳಿಸಿದ ಗಿರಾಕಿಯೇ ಮುಂದಿನ ವರ್ಷ ಮರಳಿ ಬಂದುದನ್ನು ಅನೇಕ ಸಲ ಕಂಡಿದ್ದೇನೆ.

ಹಣದ ಅಳತೆ

ಹೆಚ್ಚಿನ ಯಂತ್ರಶಾಲೆಗಳು ಮುಚ್ಚುವುದು ಕೆಲಸವಿಲ್ಲದ್ದರಿಂದ ಅಲ್ಲ, ಲೆಕ್ಕವಿಲ್ಲದ್ದರಿಂದ. ಪಕ್ಕದವನು ಗಂಟೆಗೆ ಇನ್ನೂರು ರೂಪಾಯಿ ತೆಗೆದುಕೊಂಡರೆ ನಾವೂ ಇನ್ನೂರು ತೆಗೆದುಕೊಳ್ಳುತ್ತೇವೆ. ಅದು ನಮಗೆ ಕಟ್ಟುತ್ತದೆಯೇ ಎಂದು ನೋಡುವುದಿಲ್ಲ. ಒಂದು ಉದಾಹರಣೆಯನ್ನು ಗಮನಿಸಿರಿ. 4,00,000 ರೂಪಾಯಿಯ ಲೇಥ್ ಹತ್ತು ವರ್ಷ ಬಾಳುತ್ತದೆಂದರೆ ವರ್ಷಕ್ಕೆ 40,000 ರೂಪಾಯಿ ಸವೆತ. ಬಡ್ಡಿ 24,000, ಕಟ್ಟಡದ ಬಾಡಿಗೆ 36,000, ದುರಸ್ತಿ 12,000, ಟರ್ನರನ ಸಂಬಳ ತಿಂಗಳಿಗೆ 18,000ದಂತೆ 2,16,000, ವಿದ್ಯುತ್ತು 21,600, ಉಳಿ ಮತ್ತು ಎಣ್ಣೆ 30,400. ಒಟ್ಟು 3,80,000 ರೂಪಾಯಿ. ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಎಂಟು ಗಂಟೆ ಎಂದು 2,400 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 158 ರೂಪಾಯಿ ಖರ್ಚು ಎಂದು ಕಾಣುತ್ತದೆ. ಇನ್ನೂರಕ್ಕೆ ದುಡಿದರೆ ಲಾಭವೇ ಎನಿಸುತ್ತದೆ. ಆದರೆ ಯಂತ್ರವು ಎಂಟು ಗಂಟೆಯೂ ಕೆತ್ತುವುದಿಲ್ಲ. ಕೆಲಸ ಕಟ್ಟುವುದು, ಬಿಚ್ಚುವುದು, ವಿದ್ಯುತ್ತು ಹೋಗುವುದು, ಗಿರಾಕಿಯೊಡನೆ ಮಾತನಾಡುವುದು ಇವೆಲ್ಲ ಕಳೆದು ನೂರಕ್ಕೆ ಅರವತ್ತು ಪಾಲು, ಅಂದರೆ 1,440 ಗಂಟೆ ಉಳಿಯಿತೆನ್ನಿರಿ. ಆಗ ನಿಜವಾದ ಖರ್ಚು ಗಂಟೆಗೆ 264 ರೂಪಾಯಿ. ಇನ್ನೂರಕ್ಕೆ ದುಡಿಯುವವನು ಪ್ರತಿ ಗಂಟೆಗೂ 64 ರೂಪಾಯಿಯನ್ನು ಮನೆಯಿಂದ ತಂದು ಹಾಕುತ್ತಿರುತ್ತಾನೆ, ಅವನಿಗೆ ಅದು ಗೊತ್ತಿರುವುದಿಲ್ಲ. ನಿಮ್ಮ ಅಂಕಿಗಳು ಬೇರೆಯಾಗಿರಬಹುದು, ಆದರೆ ಲೆಕ್ಕದ ದಾರಿ ಇದೇ.

ಉದರಿಯ ಮಾತು ಇನ್ನೂ ಕಠಿಣವಾದುದು. ರೈತನಿಗೆ ಕಬ್ಬಿನ ಬಿಲ್ಲು ಬಂದಾಗಲೇ ಹಣ. ಅವನಿಗೆ ಉದರಿ ಕೊಡದೆ ಹಳ್ಳಿಯಲ್ಲಿ ಕಾಯಕ ನಡೆಯದು. ಆದರೆ ಸಾಮಗ್ರಿಯ ಹಣವನ್ನಾದರೂ ಮುಂಗಡವಾಗಿ ಪಡೆಯಬೇಕು. ಗನ್‌ಮೆಟಲ್ಲಿನ ಬೆಲೆಯನ್ನು ನಾವು ಅಂಗಡಿಯವನಿಗೆ ನಗದಾಗಿ ಕೊಟ್ಟಿರುತ್ತೇವೆ. ಕೂಲಿಯಷ್ಟೇ ಉದರಿಯಾಗಿ ಉಳಿದರೆ ಹೊರೆ ಹಗುರವಾಗುತ್ತದೆ.

ಕಾರ್ಖಾನೆಗಳಿಗೆ ಜಾಬ್ ಮಾಡಿಕೊಡುವವರು ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಬೇಕು. 2020ರ ಜುಲೈಯಿಂದ ಬಂದ ಈ ನೋಂದಣಿಗೆ ಯಾವ ಶುಲ್ಕವೂ ಇಲ್ಲ. ಆದುದರಿಂದ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿರಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಿಗೆ ಕೊಡಬೇಕಾದ ಹಣವನ್ನು ಕೊಳ್ಳುವವರು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನೋಂದಣಿ ಮೊದಲೇ ಆಗಿರಬೇಕು, ಆರ್ಡರು ಮತ್ತು ಡೆಲಿವರಿ ಚಲನ್ ಬರಹದಲ್ಲಿರಬೇಕು. ಬಾಯಿಮಾತಿನ ವ್ಯವಹಾರಕ್ಕೆ ಯಾವ ಕಾಯ್ದೆಯೂ ಸುಲಭವಾಗಿ ನೆರವಿಗೆ ಬರುವುದಿಲ್ಲ.

ಇಲ್ಲಿ ತಾಯಂದಿರಿಗೂ ಸೋದರಿಯರಿಗೂ ಒಂದು ವಿಶೇಷ ಮಾತು. ನಮ್ಮ ಯಂತ್ರಶಾಲೆಯ ಲೆಕ್ಕದ ಪುಸ್ತಕವನ್ನು ಮೊದಲಿನಿಂದಲೂ ನಮ್ಮ ಮನೆಯವರೇ ಬರೆಯುತ್ತಾರೆ. ಮನೆಯ ಖರ್ಚಿಗೆ ತಿಂಗಳಿಗೆ ಇಷ್ಟೆಂದು ಸಂಬಳದಂತೆ ತೆಗೆದಿಟ್ಟು, ಉಳಿದ ಹಣಕ್ಕೆ ಮದುವೆಯಿರಲಿ ಜಾತ್ರೆಯಿರಲಿ ಕೈಹಾಕದಂತೆ ಅವರೇ ಕಾವಲಾಗಿದ್ದಾರೆ. ನಮ್ಮ ಪರಿಚಯದ ಒಬ್ಬ ಕುಶಲ ಟರ್ನರ್ ನಲವತ್ತೆರಡನೆಯ ವಯಸ್ಸಿಗೆ ಹೃದಯಾಘಾತದಿಂದ ಲಿಂಗೈಕ್ಯರಾದರು. ಯಾರಿಂದ ಎಷ್ಟು ಬರಬೇಕೆಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಅವರು ಯಾರಿಗೆ ಎಷ್ಟು ಕೊಡಬೇಕೆಂಬುದಂತೂ ಹದಿನೈದು ದಿನಗಳಲ್ಲಿಯೇ ಬಾಗಿಲಿಗೆ ಬಂದು ನಿಂತಿತು. ಕೊಡಬೇಕಾದವರಲ್ಲಿ ಕೆಲವರೇ ಪ್ರಾಮಾಣಿಕರಾಗಿ ಬಂದು ಕೊಟ್ಟರು. ಎರಡು ಮಕ್ಕಳೊಂದಿಗೆ ಆ ತಾಯಿ ಯಂತ್ರಗಳನ್ನು ಅರ್ಧ ಬೆಲೆಗೆ ಮಾರಬೇಕಾಯಿತು. ಒಂದು ಪುಸ್ತಕ, ಅದನ್ನು ಓದಬಲ್ಲ ಇನ್ನೊಬ್ಬರು ಮನೆಯಲ್ಲಿದ್ದಿದ್ದರೆ ಆ ಯಂತ್ರಶಾಲೆ ಇಂದೂ ನಡೆಯುತ್ತಿತ್ತು.

ದೇಹದ ಅಳತೆ

ಯಂತ್ರಕ್ಕೆ ದಯೆಯೂ ಇಲ್ಲ, ದ್ವೇಷವೂ ಇಲ್ಲ. ಸಿಕ್ಕಿದ್ದನ್ನು ಅದು ಎಳೆದುಕೊಳ್ಳುತ್ತದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಜೊತೆಯ ಒಬ್ಬ ಹುಡುಗ ಕೈಚೀಲ ಹಾಕಿಕೊಂಡು ಡ್ರಿಲ್ಲಿಂಗ್ ಮಾಡುತ್ತಿದ್ದ. ಚೀಲದ ತುದಿಯನ್ನು ಡ್ರಿಲ್ ಸುತ್ತಿಕೊಂಡಿತು. ಅವನ ಎರಡು ಬೆರಳುಗಳು ಹೋದವು. ಅಂದಿನಿಂದ ತಿರುಗುವ ಯಂತ್ರದ ಬಳಿ ಕೈಚೀಲ ಕೂಡದೆಂಬುದು ನನ್ನ ನಿಯಮ. ಕಬ್ಬಿಣದ ಸುರುಳಿಯನ್ನು ಕೈಯಿಂದ ಎಳೆಯದೆ ಕೊಕ್ಕೆಯಿಂದ ತೆಗೆಯಬೇಕು. ಚಕ್ಕಿನ ಕೀಲಿಯಿಂದ ಕೈ ತೆಗೆಯುವುದೆಂದರೆ ಕೀಲಿಯನ್ನು ಚಕ್ಕಿನಿಂದ ಹೊರತೆಗೆದಾಗ ಮಾತ್ರ. ಅದು ಅಲ್ಲಿಯೇ ಉಳಿದು ಯಂತ್ರ ಚಾಲೂ ಆದರೆ ಬಂದೂಕಿನ ಗುಂಡಿನಂತೆ ಹಾರುತ್ತದೆ. ಗ್ರೈಂಡರಿನ ಮುಂದೆ ಕನ್ನಡಕವಿಲ್ಲದೆ ನಿಲ್ಲಬಾರದು. ಅದರ ಕಲ್ಲಿಗೂ ಆಸರೆಯ ಪಟ್ಟಿಗೂ ನಡುವೆ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು.

ನಮ್ಮ ಸಮಾಜದ ತರುಣರಿಗೆ ವಿಶೇಷವಾಗಿ ಹೇಳಬೇಕಾದುದೊಂದಿದೆ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದವರು ಕರಡಿಗೆಯನ್ನೂ ಶಿವದಾರವನ್ನೂ ಬನಿಯನ್ನಿನ ಒಳಗೆ ಸೇರಿಸಿ, ಮೇಲೆ ಗುಂಡಿ ಹಾಕಿದ ಬಿಗಿಯಾದ ಅಂಗಿಯನ್ನು ತೊಟ್ಟು ಯಂತ್ರದ ಮುಂದೆ ನಿಲ್ಲಬೇಕು. ಬಾಗಿದಾಗ ಹೊರಗೆ ಜೋತಾಡುವ ದಾರವು ತಿರುಗುವ ಚಕ್ಕಿಗೆ ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ವಸ್ತ್ರ, ರುದ್ರಾಕ್ಷಿ ಸರ, ಉಂಗುರ, ಕೈಗಡಿಯಾರ, ಸೋದರಿಯರ ಸೆರಗು ಮತ್ತು ಜಡೆ ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಲಿಂಗವನ್ನು ಎದೆಗೆ ಹತ್ತಿರವಾಗಿ ಇಟ್ಟುಕೊಳ್ಳುವುದು ಭಕ್ತಿಗೂ ಸರಿ, ಸುರಕ್ಷತೆಗೂ ಸರಿ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನೂ, ಹದಿನೆಂಟರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನೂ ಕಾನೂನು 2016ರ ತಿದ್ದುಪಡಿಯ ಮೂಲಕ ನಿಷೇಧಿಸಿದೆ. ಕಾನೂನಿನ ಭಯ ಒತ್ತಟ್ಟಿಗಿರಲಿ, ಬೆಳೆಯುವ ಹುಡುಗನ ಬೆರಳಿಗೆ ಬೆಲೆ ಕಟ್ಟುವವರು ಯಾರು? ದೊಡ್ಡವರಾದ ಕೆಲಸಗಾರರ ಹೆಸರಿನಲ್ಲಿ ಅಪಘಾತ ವಿಮೆಯನ್ನು ಮಾಡಿಸಿರಿ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ವರ್ಷಕ್ಕೆ ಇಪ್ಪತ್ತು ರೂಪಾಯಿ ಸಾಕು. ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯ ಸಂಭವಿಸಿದರೆ ಎರಡು ಲಕ್ಷ ರೂಪಾಯಿಯ ನೆರವು ದೊರೆಯುತ್ತದೆ. ಹದಿನೆಂಟರಿಂದ ಎಪ್ಪತ್ತು ವರ್ಷದ, ಬ್ಯಾಂಕ್ ಖಾತೆಯುಳ್ಳ ಯಾರಾದರೂ ಇದಕ್ಕೆ ಸೇರಬಹುದು.

ಇನ್ನು ಪೂಜೆಯ ಮಾತು. ಖಂಡೆಪೂಜೆಯ ದಿನ ನಾವೆಲ್ಲರೂ ಯಂತ್ರಗಳನ್ನು ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ಪೂಜಿಸುತ್ತೇವೆ. ಅದು ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ವರ್ಷಕ್ಕೊಮ್ಮೆ ತೊಳೆದ ಯಂತ್ರಕ್ಕಿಂತ ದಿನವೂ ಸಂಜೆ ಹದಿನೈದು ನಿಮಿಷ ಒರೆಸಿ, ಬೆಡ್ಡಿಗೆ ಎಣ್ಣೆ ಸವರಿದ ಯಂತ್ರ ಹೆಚ್ಚು ಕಾಲ ಬಾಳುತ್ತದೆ. ಆ ಹದಿನೈದು ನಿಮಿಷವನ್ನೂ ಪೂಜೆಯೆಂದೇ ತಿಳಿದರೆ ಬೇಸರವಾಗುವುದಿಲ್ಲ.

ಮುಂದಿನ ತಲೆಮಾರು

ಕಾಲ ಬದಲಾಗಿದೆ. ನಮ್ಮ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿಯೇ ಇಂದು ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಅಲ್ಲಿಯ ಯಂತ್ರಗಳು ಗಣಕದ ಆಜ್ಞೆಯಂತೆ ನಡೆಯುತ್ತವೆ. ಇದನ್ನು ಕಂಡು ಕೈಯಿಂದ ತಿರುಗಿಸುವ ಲೇಥಿನ ಕಾಲ ಮುಗಿಯಿತೆಂದು ತರುಣರು ಹೇಳುತ್ತಾರೆ. ಸಾವಿರ ತುಂಡುಗಳನ್ನು ಒಂದೇ ರೀತಿ ಮಾಡಬೇಕಾದಲ್ಲಿ ಅವರ ಮಾತು ಸರಿ. ಆದರೆ ರೈತನ ಗಾಣದ ಸವೆದ ಒಂದು ಬುಶ್ಶಿಗಾಗಿ ಯಾರೂ ಗಣಕಯಂತ್ರವನ್ನು ಹೂಡುವುದಿಲ್ಲ. ದುರಸ್ತಿಯ ಕೆಲಸ ಹಳ್ಳಿಯಲ್ಲಿ ಉಳಿದೇ ಉಳಿಯುತ್ತದೆ. ಗಣಕಯಂತ್ರವನ್ನು ನಡೆಸಬಯಸುವವರು ಬೆಳಗಾವಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂತಹ ಸಂಸ್ಥೆಗಳಲ್ಲಿ ಶಿಕ್ಷಣ ಪಡೆಯಲಿ, ಹೆಣ್ಣುಮಕ್ಕಳೂ ಮುಂದೆ ಬರಲಿ. ಯಾವ ಯಂತ್ರವಾದರೂ ಬಿಸಿ ಕಬ್ಬಿಣ ಹಿಗ್ಗುವುದು, ಸವೆದ ಉಳಿ ಸುಳ್ಳು ಹೇಳುವುದು, ಕೊಟ್ಟ ಮಾತು ಕಾಯುವುದು ಇವು ಬದಲಾಗವು.

ಆದುದರಿಂದ ಹೊಲ ಮಾರಿ ಮಗನಿಗೆ ಯಂತ್ರ ಕೊಡಿಸುವ ವಿಚಾರದಲ್ಲಿರುವ ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೇ. ಮೊದಲು ಅವನ ಕೈಗೆ ಒಂದು ಮೈಕ್ರೋಮೀಟರನ್ನೂ ಒಂದು ಲೆಕ್ಕದ ಪುಸ್ತಕವನ್ನೂ ಕೊಡಿರಿ. ಎರಡನ್ನೂ ಮೂರು ವರ್ಷ ಸರಿಯಾಗಿ ಬಳಸಿದನೆಂದರೆ ಅವನಿಗೆ ಸಾಲ ಕೊಡಲು ಬ್ಯಾಂಕಿನವರು ಮುಂದೆ ಬರುತ್ತಾರೆ, ಕೆಲಸ ಕೊಡಲು ಊರಿನವರು ಮುಂದೆ ಬರುತ್ತಾರೆ, ಹೊಲವೂ ಮನೆಯಲ್ಲಿ ಉಳಿಯುತ್ತದೆ. ಅಳತೆ ತಪ್ಪದ ಕೈಗೆ ಅನ್ನ ತಪ್ಪದಿರಲೆಂದು ಬಸವಾದಿ ಶರಣರಲ್ಲಿ ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.